ಮೆಣಸಿನಕಾಯಿಯ ಕೈಉರಿ ಮತ್ತು ಮನೆಮದ್ದು

ಹಸಿಮೆಣಸಿನಕಾಯಿ ಸೀಳಿದ ಕೈಗೆ, ಒಣಮೆಣಸಿನಕಾಯಿಯ ತೊಟ್ಟು ಬಿಡಿಸಿದ ಕೈಗೆ, ಹಣ್ಣುಮೆಣಸಿನಕಾಯಿ ಚಟ್ನಿ ರುಬ್ಬಿದ ಕೈಗೆ ಹತ್ತುವ ಉರಿಯ ಮೂಲ ಕ್ಯಾಪ್ಸೈಸಿನ್ ಎಂಬ ವಸ್ತು. ಕಾಯಿಯ ಒಳಗೆ ಬೀಜಗಳು ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ ಇದು ತಯಾರಾಗುತ್ತದೆ. ಖಾರವೆಲ್ಲ ಬೀಜದಲ್ಲಿದೆ ಎಂದು ಬಹಳ ಜನ ನಂಬಿದ್ದಾರೆ. ಬೀಜಕ್ಕೆ ಖಾರ ಹತ್ತುವುದು ಆ ತಿರುಳನ್ನು ತಾಗಿಕೊಂಡಿರುವುದರಿಂದ. ಇಡೀ ಕಾಯಿಯನ್ನು ಬುಟ್ಟಿಯಿಂದ ಬುಟ್ಟಿಗೆ ಸುರಿದರೆ ಏನೂ ಆಗದ ಕೈ, ಅದನ್ನೇ ಉದ್ದಕ್ಕೆ ಸೀಳಿ ಹೆಬ್ಬೆರಳಿನಿಂದ ಒಳಗಿನದನ್ನು ಕೆರೆದು ತೆಗೆದಾಗ ಉರಿಯುವುದು ಇದಕ್ಕೇ. ಕ್ಯಾಪ್ಸೈಸಿನ್ ತಣ್ಣೀರಿನಲ್ಲಿ ಕರಗುವುದಿಲ್ಲ ಎಂದೇ ಹೇಳಬಹುದು. ಎಣ್ಣೆಯಲ್ಲಿ, ಕೊಬ್ಬಿನಲ್ಲಿ, ಸ್ಪಿರಿಟ್ಟಿನಲ್ಲಿ ಚೆನ್ನಾಗಿ ಕರಗುತ್ತದೆ.

ಉರಿ ಎಷ್ಟೇ ಇದ್ದರೂ ಸಾಮಾನ್ಯವಾಗಿ ಚರ್ಮ ಸುಟ್ಟಿರುವುದಿಲ್ಲ. ಚರ್ಮದ ನರಗಳ ತುದಿಯಲ್ಲಿ ಬಿಸಿಯನ್ನು ಗುರುತಿಸುವ ಒಂದು ಗ್ರಾಹಿ ಇದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖ ತಾಗಿದಾಗ ಅದು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಕ್ಯಾಪ್ಸೈಸಿನ್ ಅದೇ ಗ್ರಾಹಿಯನ್ನು ಹಿಡಿದು, ಶಾಖವೇ ಇಲ್ಲದೆ ಶಾಖದ ಸುದ್ದಿ ಕಳಿಸುತ್ತದೆ. ಟಿಆರ್‌ಪಿವಿ1 ಎಂಬ ಈ ಗ್ರಾಹಿಯನ್ನು 1997ರಲ್ಲಿ ಗುರುತಿಸಿದ್ದು ಅಮೆರಿಕದ ಡೇವಿಡ್ ಜೂಲಿಯಸ್ ಅವರ ಪ್ರಯೋಗಾಲಯ. 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಅವರು ಆರ್ಡೆಮ್ ಪಟಪೌಟಿಯನ್ ಜೊತೆ ಹಂಚಿಕೊಂಡರು. ಅಡುಗೆಮನೆಗೆ ಇದರಿಂದ ತಿಳಿಯಬೇಕಾದ ಮಾತು ಒಂದಿದೆ. ಖಾರ ಹತ್ತಿದ ಚರ್ಮದಲ್ಲಿ ಆ ಗ್ರಾಹಿ ಎಷ್ಟು ಸೂಕ್ಷ್ಮವಾಗಿರುತ್ತದೆಂದರೆ, ಬೇರೆ ದಿನ ಹಿತವೆನಿಸುವ ಬೆಚ್ಚಗಿನ ನೀರೂ ಕುದಿಯುವ ನೀರಿನಂತೆ ತಾಗುತ್ತದೆ. ಹೊದಿಕೆಯೊಳಗೆ ಇಟ್ಟ ಕೈ, ಒಲೆಯ ಮುಂದೆ ಹಿಡಿದ ಕೈ ಮತ್ತೆ ಹೊತ್ತಿಕೊಳ್ಳುವುದು ಹೀಗೆ.

ಎಲ್ಲ ಕಾಯಿಯೂ ಒಂದೇ ಸಮ ಉರಿಸುವುದಿಲ್ಲ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರು ಕಾಯಿ ಅದಕ್ಕಿಂತ ಎಷ್ಟೋ ಪಾಲು ಖಾರ. ಕರ್ನೂಲು, ಬಳ್ಳಾರಿ, ರಾಯಚೂರು ಸೀಮೆಯ ರೈತರು ಕಾಯಿಯನ್ನು ಬ್ಯಾಡಗಿ ಮಾರುಕಟ್ಟೆಗೆ ಒಯ್ಯುವುದರಿಂದ ಈ ಭಾಗದ ಮನೆಗಳಲ್ಲಿ ಎರಡೂ ಬಗೆಯ ಕಾಯಿ ಓಡಾಡುತ್ತವೆ. ಹಸಿಕಾಯಿಯಲ್ಲೂ ಬಜ್ಜಿಗೆ ಬರುವ ಉದ್ದನೆಯ ತೆಳುಹಸಿರು ಕಾಯಿ ಸೌಮ್ಯ. ಸಾರಿಗೆ ಹಾಕುವ ಗಿಡ್ಡ ಕಡುಹಸಿರು ಕಾಯಿ ಕೈಯನ್ನು ಬಿಡುವುದಿಲ್ಲ.

ಈ ವ್ಯತ್ಯಾಸವನ್ನು ಗಮನಿಸದೆ ಆದ ಒಂದು ಪ್ರಕರಣ ಪಶ್ಚಿಮ ಕರ್ನೂಲಿನ ಮದ್ದಿಕೇರದ್ದು. ಅಲ್ಲಿನ ಒಂದು ಮನೆಯಲ್ಲಿ ಗೃಹಪ್ರವೇಶ. ಗುಂತಕಲ್ಲು, ಆದೋನಿ, ಮದ್ದಿಕೇರದ ಕಡೆ ಬಂದವರಿಗೆ ಬೆಳಗಿನ ತಿಂಡಿ ಎಂದರೆ ಉಗ್ಗಾಣಿ-ಬಜ್ಜಿ (ಮಂಡಕ್ಕಿ ಒಗ್ಗರಣೆ, ಜೊತೆಗೆ ಮೆಣಸಿನಕಾಯಿ ಬಜ್ಜಿ). ಬೇರೆ ಏನು ಮಾಡಿದರೂ ಅದು ಇರಲೇಬೇಕು. ಸಂತೆಯಲ್ಲಿ ಬಜ್ಜಿಕಾಯಿ ಸಾಲದೆ, ಹೊಲದಿಂದ ಖಾರದ ಕಾಯಿ ಕೀಳಿಸಿ ತಂದರು. ಎಳೆಗೂಸಿನ ತಾಯಿಯಾಗಿದ್ದ ಆ ಮನೆಯ ಸೊಸೆ ಹಿಂದಿನ ದಿನ ಮಧ್ಯಾಹ್ನ ಕೂತು ಬುಟ್ಟಿ ತುಂಬ ಕಾಯಿ ಸೀಳಿದಳು. ಒಂದು ಗೀರು, ಹೆಬ್ಬೆರಳಿನ ಉಗುರಿನಿಂದ ತಿರುಳು ಹೊರಗೆ, ಓಮು-ಉಪ್ಪು ಒಳಗೆ. ಆ ಹೊತ್ತಿಗೆ ಏನೂ ಆಗಲಿಲ್ಲ. ಇದು ಈ ಉರಿಯ ದೊಡ್ಡ ಮೋಸ: ಖಾರ ಚರ್ಮದ ಮೇಲ್ಪದರವನ್ನು ದಾಟಿ ನರ ಮುಟ್ಟಲು ಹೊತ್ತು ಹಿಡಿಯುತ್ತದೆ, ಆಗ ಕೆಲಸ ಮುಗಿದು ಗಂಟೆಗಳೇ ಕಳೆದಿರಬಹುದು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಬೆರಳ ಸಂದಿಯಲ್ಲಿ ಚುರುಚುರು ಎಂದಿತು. ಉಗುರಿನ ಬುಡದಿಂದ ಅಂಗೈಗೆ, ಅಂಗೈಯಿಂದ ಮಣಿಕಟ್ಟಿಗೆ ಉರಿ ಏರಿತು. ಬಂದಿದ್ದ ಹಿರಿಯ ನೆಂಟರೊಬ್ಬರು, "ಬಿಸಿನೀರಾಗ ಕೈ ಇಡಮ್ಮ, ಖಾರ ಎಲ್ಲ ಬಿಟ್ಟೋಗ್ತದೆ" ಎಂದು ತಾವೇ ತಪ್ಪಲೆಯಲ್ಲಿ ನೀರು ಕಾಯಿಸಿ ತಂದರು. ಆಕೆ ಬೇಡವೆಂದಳು. ಹಿರಿಯರು ಬಿಡಲಿಲ್ಲ, ಸುತ್ತ ಇದ್ದವರೂ ಅವರ ಮಾತಿಗೇ ದನಿ ಕೂಡಿಸಿದರು. ಕೈ ಅದ್ದಿದ ಗಳಿಗೆಯಲ್ಲಿ ಆಕೆ ಕೂಗಿದ ಕೂಗಿಗೆ ಹೊರಗೆ ಶಾಮಿಯಾನ ಕಟ್ಟುತ್ತಿದ್ದವರೆಲ್ಲ ಒಳಗೆ ಬಂದರು. ಕೈ ತೆಗೆದಾಗ ಬೆರಳುಗಳು ಕೆಂಪಗೆ ಊದಿಕೊಂಡು ಉಂಗುರ ಬಿಗಿದಿತ್ತು. ಅಷ್ಟರಲ್ಲಿ ತೊಟ್ಟಿಲಲ್ಲಿ ಮಗು ಎದ್ದು ಅತ್ತಿತು. ತಾಯಿ ಅಭ್ಯಾಸದಂತೆ ಎತ್ತಿಕೊಂಡು ಮಗುವಿನ ಬಾಯಿ ಒರೆಸಿದಳು, ಕೆನ್ನೆ ಸವರಿದಳು. ಮರುಗಳಿಗೆಯಲ್ಲಿ ಮಗುವಿನ ಅಳು ಬೇರೆಯೇ ಆಯಿತು: ಉಸಿರು ಕಟ್ಟಿ, ಮುಖ ಕೆಂಪೇರಿ, ಕಣ್ಣು ಬಿಡಲಾಗದ ಅಳು. ಹಾಲು ಕುಡಿಸಲು ತಾಯಿಗೆ ಧೈರ್ಯವಿಲ್ಲ, ಮುಟ್ಟಿದಲ್ಲೆಲ್ಲ ಖಾರ. ಸೆರಗಿಗೆ, ತೊಟ್ಟಿಲ ಬಟ್ಟೆಗೆ, ಬಾಗಿಲ ಚಿಲಕಕ್ಕೆ ಹತ್ತಿದ್ದ ಖಾರ ಮನೆಯ ಇತರರ ಕಣ್ಣಿಗೂ ಹೋಯಿತು. ಔಷಧಿ ಅಂಗಡಿಗೆ ಓಡಿದವರು ಕೈಗೆ ಹಚ್ಚಲು ತಂದದ್ದು ತಲೆನೋವಿನ ಬಾಮು. ಕೇಳಿದ್ದೇನು, ಕೊಟ್ಟಿದ್ದೇನು ಎಂದು ಅಂಗಡಿಯವರು ಒಂದು ಗಳಿಗೆ ಯೋಚಿಸಿದ್ದರೆ ಆ ರಾತ್ರಿಯ ಎರಡನೆಯ ಸುತ್ತಿನ ಉರಿ ತಪ್ಪುತ್ತಿತ್ತು.

ಮಗುವಿನ ಮುಖವನ್ನು ನೆರೆಮನೆಯ ಹೆಂಗಸೊಬ್ಬರು ತಣ್ಣೀರು ಬಿಟ್ಟು ಬಿಟ್ಟು ತೊಳೆದ ಮೇಲೆ ಅದು ಸಮಾಧಾನಗೊಂಡಿತು. ತಾಯಿಯ ಕೈಗೆ ಅವರೇ ಶೇಂಗಾ ಎಣ್ಣೆ ಸುರಿದರು. ರಾತ್ರಿಯೆಲ್ಲ ಎಣ್ಣೆ, ಸಾಬೂನು, ಮಡಕೆಯ ನೀರು, ಮತ್ತೆ ಎಣ್ಣೆ. ಬೆಳಗಿನ ಜಾವಕ್ಕೆ ಉರಿ ತಗ್ಗಿತು. ಪೂರ್ತಿ ಹೋಗಿದ್ದು ಮಾರನೆಯ ಸಂಜೆ, ಪೂಜೆ ಮುಗಿದು ನೆಂಟರು ಊಟ ಮಾಡಿ ಹೊರಟ ಮೇಲೆ. ಹಿರಿಯರ ಮಾತಿಗೆ ಎದುರಾಡಬಾರದೆಂಬ ಮರ್ಯಾದೆಗೆ ಆ ಹೆಣ್ಣುಮಗಳ ಕೈ ಬೆಲೆ ತೆತ್ತಿತು ಎಂದು ಸ್ಪಷ್ಟವಾಗಿ ಹೇಳಲೇಬೇಕು.

ಚಿಕಿತ್ಸೆಯ ಕ್ರಮ ಖಾರದ ಗುಣವನ್ನೇ ಅನುಸರಿಸುತ್ತದೆ. ಮೊದಲು ಉಂಗುರ, ಬಳೆ ತೆಗೆಯಬೇಕು. ಅವುಗಳ ಕೆಳಗೆ ಖಾರ ನಿಲ್ಲುತ್ತದೆ, ಕೈ ಊದಿದರೆ ಆಮೇಲೆ ಅವು ಬರುವುದೂ ಇಲ್ಲ. ಆಮೇಲೆ ಶೇಂಗಾ ಎಣ್ಣೆಯೋ ಒಳ್ಳೆಣ್ಣೆಯೋ ಕೊಬ್ಬರಿ ಎಣ್ಣೆಯೋ, ಕೈಗೆ ಸಿಕ್ಕಿದ್ದನ್ನು ಧಾರಾಳವಾಗಿ ಸವರಿ, ಉಗುರಿನ ಸಂದಿಗೆಲ್ಲ ಇಳಿಸಿ, ಕೆಲವು ನಿಮಿಷ ಬಿಟ್ಟು ಹಳೆಬಟ್ಟೆಯಿಂದ ಒರೆಸಬೇಕು. ಆ ಬಟ್ಟೆಯನ್ನು ಮತ್ತೆ ಬಳಸಬಾರದು. ಎಣ್ಣೆ ಖಾರವನ್ನು ಕರಗಿಸಿಕೊಳ್ಳುತ್ತದೆ, ಆದರೆ ಒರೆಸಿ ತೊಳೆಯದೆ ಬಿಟ್ಟರೆ ಕೈ ತುಂಬ ಹರಡುತ್ತದೆ. ಹಾಗಾಗಿ ಎಣ್ಣೆಯ ಹಿಂದೆಯೇ ಪಾತ್ರೆ ತೊಳೆಯುವ ಸಾಬೂನು, ತಣ್ಣೀರು. ಇದನ್ನು ಒಮ್ಮೆ ಮಾಡಿ ಬಿಡದೆ ಮತ್ತೆ ಮತ್ತೆ ಮಾಡಬೇಕು.

ಎಣ್ಣೆಯೋ ನೀರೋ ಎಂಬ ಜಗಳಕ್ಕೆ 1987ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ಸಮಂಜಸ ಉತ್ತರ ಕೊಟ್ಟಿದೆ. ತಣ್ಣೀರಿನಲ್ಲಿ ಕೈ ಇಟ್ಟವರಿಗೆ ಮೊದಲು ಬೇಗ ಹಿತವೆನಿಸಿತು. ಹೊತ್ತು ಕಳೆದಂತೆ ಅಡುಗೆ ಎಣ್ಣೆಯಲ್ಲಿ ಇಟ್ಟವರ ನೋವು ಹೆಚ್ಚು ಇಳಿಯಿತು. ನೀರು ನರವನ್ನು ತಣ್ಣಗಾಗಿಸುತ್ತದೆ, ಖಾರವನ್ನು ತೆಗೆಯುವುದಿಲ್ಲ. ಕೈ ಹೊರಗೆ ಬಂದೊಡನೆ ಉರಿ ಮರಳುತ್ತದೆ. ಎರಡಕ್ಕೂ ಅವುಗಳದೇ ಕೆಲಸವಿದೆ. ತಂಪಿಗೆ ಮಡಕೆಯ ನೀರು ಸಾಕು. ಐಸನ್ನು ನೇರವಾಗಿ ಒತ್ತಿ ಹಿಡಿದರೆ ಮರಗಟ್ಟಿದ ಚರ್ಮಕ್ಕೆ ಇನ್ನೊಂದು ಗಾಯ.

ಮೊಸರು, ಮಜ್ಜಿಗೆ, ಹಾಲಿನ ಕೆನೆ ಬಾಯಿಯ ಖಾರಕ್ಕೆ ನಿಜವಾಗಿಯೂ ಒಳ್ಳೆಯವು. ಹಾಲಿನ ಕೇಸೀನ್ ಎಂಬ ಪ್ರೋಟೀನು ಕ್ಯಾಪ್ಸೈಸಿನ್ ಅನ್ನು ಹಿಡಿದುಕೊಂಡು ಹೋಗುತ್ತದೆ. ಕೈಗೆ ಅವು ತಂಪು ಕೊಡುತ್ತವೆ, ಕೆನೆ ಗಟ್ಟಿ ಇದ್ದಷ್ಟೂ ಮೇಲು. ಖಾರದ ಸ್ಪ್ರೇ ಮುಖಕ್ಕೆ ತಾಗಿದವರ ಮೇಲೆ 2008ರಲ್ಲಿ ಹಾಲು, ಬೇಬಿ ಶಾಂಪೂ, ನೀರು ಮುಂತಾದ ಐದು ಉಪಚಾರಗಳನ್ನು ಹೋಲಿಸಿ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೊತ್ತು ಕಳೆದಂತೆ ಎಲ್ಲರ ಉರಿಯೂ ಇಳಿಯಿತು. ಹುಣಸೆಹಣ್ಣು, ನಿಂಬೆಹಣ್ಣು ತಿಕ್ಕುವ ಪದ್ಧತಿ ಎಲ್ಲೆಡೆ ಇದೆ. ಹುಳಿಗೆ ಈ ಖಾರವನ್ನು ಮುರಿಯುವ ಗುಣವಿಲ್ಲ, ಕೈಯಲ್ಲಿ ಬಿರುಕಿದ್ದರೆ ಅದೇ ಉರಿಸುತ್ತದೆ. ಬೂದಿ, ಉಪ್ಪು ಹಾಕಿ ತಿಕ್ಕಿದರೆ ಚರ್ಮ ತರಚಿ ಖಾರ ಇನ್ನೂ ಒಳಗಿಳಿಯುತ್ತದೆ. ಬಾಮು, ಟೂತ್‌ಪೇಸ್ಟು ಬೇಡ. ಬಿಸಿನೀರಂತೂ ಬೇಡವೇ ಬೇಡ. ಸ್ಯಾನಿಟೈಸರ್ ಅಥವಾ ಸ್ಪಿರಿಟ್ಟು ಖಾರವನ್ನು ಕರಗಿಸುತ್ತದೆ, ಗಾಯವಿಲ್ಲದ ಕೈಗೆ ಬಳಸಬಹುದು. ಉರಿಯುವ ಒಲೆಯ ಹತ್ತಿರ ಮಾತ್ರ ಬಳಸಬಾರದು.

ಕಣ್ಣಿಗೆ ಈ ಯಾವ ಮದ್ದೂ ಸಲ್ಲದು. ಎಣ್ಣೆ, ಹಾಲು ಏನೂ ಹಾಕದೆ, ಉಜ್ಜದೆ, ಶುದ್ಧವಾದ ತಣ್ಣೀರನ್ನು ಹದಿನೈದು ನಿಮಿಷದವರೆಗೆ ಹರಿಯಬಿಡಬೇಕು. ಲೆನ್ಸ್ ಇದ್ದರೆ ಖಾರ ತಾಗದ ಬೇರೆಯವರ ಕೈಯಿಂದ ತೆಗೆಸಬೇಕು. ಕಣ್ಣಿನ ನೋವು ಉಳಿದರೆ, ನೋಟ ಮಂಜಾದರೆ, ಚರ್ಮದ ಮೇಲೆ ಬೊಬ್ಬೆ ಎದ್ದರೆ, ಉರಿ ಒಂದು ದಿನ ದಾಟಿದರೆ, ಉಸಿರಾಟಕ್ಕೆ ತೊಂದರೆಯಾದರೆ ಆಸ್ಪತ್ರೆಗೆ ಹೋಗಬೇಕು. ಎಳೆಮಕ್ಕಳಿಗೆ ತಾಗಿದಾಗ ಇಷ್ಟೂ ಕಾಯಬಾರದು.

ಮುನ್ನೆಚ್ಚರಿಕೆ ಚಿಕ್ಕದು. ಕಾಯಿ ಮುಟ್ಟುವ ಮೊದಲೇ ಕೈಗೆ ಎಣ್ಣೆ ಸವರಿಕೊಂಡರೆ ತೊಳೆಯುವುದು ಸುಲಭ. ತೊಟ್ಟು ಹಿಡಿದು ಚಾಕುವಿನಿಂದ ಸೀಳಿ, ತಿರುಳನ್ನು ಚಮಚದ ಹಿಡಿಯಿಂದ ತೆಗೆಯಬಹುದು. ತೊಟ್ಟು ಬಿಡಿಸಲು ಕತ್ತರಿ ಆಗುತ್ತದೆ. ಕೈಗವಸು ಹಾಕುವುದಾದರೆ ನೈಟ್ರೈಲಿನದು ಉತ್ತಮ. ತೆಳು ರಬ್ಬರಿನದನ್ನು ಖಾರ ಹೊತ್ತು ಕಳೆದಂತೆ ದಾಟಬಹುದು, ಎಣ್ಣೆ ತಾಗಿದರೆ ಅದು ಸಡಿಲವಾಗುತ್ತದೆ, ಆದ್ದರಿಂದ ಆಗಾಗ ಬದಲಿಸಬೇಕು. ಕೈಯಲ್ಲಿ ಇಸುಬು, ಬಿರುಕು, ಗಾಯ ಇದ್ದವರಿಗೂ ಎಳೆಗೂಸಿನ ತಾಯಿಗೂ ಈ ಕೆಲಸ ಕೊಡಬಾರದು. ಕೆಲಸ ಮುಗಿದ ಮೇಲೆ ಉರಿ ಇಲ್ಲದಿದ್ದರೂ ಎಣ್ಣೆ, ಸಾಬೂನು, ತಣ್ಣೀರಿನ ಕ್ರಮವನ್ನು ಪೂರ್ತಿ ಮುಗಿಸಿ, ಈಳಿಗೆ, ಹಲಗೆ, ಕೈಒರೆಸುವ ಬಟ್ಟೆಯನ್ನೂ ಸಾಬೂನಿನಲ್ಲಿ ತೊಳೆದಿಡಬೇಕು.