ಆಟ ನಿಲ್ಲಿಸುವ ಕೈ ಯಾರದು?



ಮೆಣಸಿನಕಾಯಿ ಹೊಲದ ದುಡಿಮೆ ಮುಗಿಸಿ ಬಂದ ಯುವಕ ಕೈಕಾಲು ತೊಳೆದು, ಕಟ್ಟೆಯ ಮೇಲೆ ಮೊಬೈಲ್ ಹಿಡಿದು ಕೂಡುವುದು ಕುಂದಗೋಳ ತಾಲೂಕಿನ ಸಂಶಿಯಂತಹ ಊರಿಗೂ ಇಂದು ಹೊಸದಲ್ಲ. ತೆರೆಯ ಮೇಲೆ ನೂರು ಆಟಗಾರರು ಒಂದು ದ್ವೀಪಕ್ಕೆ ಇಳಿಯುತ್ತಾರೆ, ಬಂದೂಕು ಹುಡುಕಿ ಒಬ್ಬರನ್ನೊಬ್ಬರು ಹೊಡೆಯುತ್ತಾರೆ. ಕೊನೆಗೆ ಉಳಿದವನೇ ಗೆದ್ದವನು. ಪಬ್‌ಜಿ ಮೊಬೈಲ್ ಆಟವನ್ನು ಕೇಂದ್ರ ಸರಕಾರ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧಿಸಿತು. 2021ರ ಜುಲೈಯಲ್ಲಿ ಅದೇ ಬಗೆಯ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು. ತಂಡ ಕಟ್ಟಿಯೂ ಆಡಬಹುದು, ಒಬ್ಬರೇ ಆಗಿಯೂ ಆಡಬಹುದು. ಒಬ್ಬನೇ ಆಡಿ ಸಂತೋಷಪಡುವವನ ಕುರಿತು ಇಲ್ಲಿ ನಾಲ್ಕು ಮಾತು.

ಮನಸ್ಸಿಗೆ ವಿನೋದ ಬೇಡವೆಂದು ಇಸ್ಲಾಮ್ ಹೇಳುವುದಿಲ್ಲ. ಪ್ರವಾದಿವರ್ಯರು(ಸ) ಹ. ಆಯಿಶಾರೊಂದಿಗೆ(ರ) ಓಟದ ಪಂದ್ಯ ನಡೆಸಿದ್ದರು. ಅಸ್ಲಮ್ ಗೋತ್ರದವರು ಬಿಲ್ಲುಗಾರಿಕೆಯ ಸ್ಪರ್ಧೆಯಲ್ಲಿದ್ದಾಗ ಅವರನ್ನು ಹುರಿದುಂಬಿಸಿದ್ದರು. ಆದರೆ ವಿನೋದಕ್ಕೂ ಒಂದು ಮೇರೆ ಇದೆ. ಹ. ಅಬೂದರ್ದಾ(ರ) ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಕುಳಿತಾಗ ಹ. ಸಲ್ಮಾನ್(ರ) ಅವರನ್ನು ತಡೆದರು. ಪ್ರಭುವಿಗೂ ದೇಹಕ್ಕೂ ಮನೆಯವರಿಗೂ ಅವರವರ ಹಕ್ಕನ್ನು ಸಲ್ಲಿಸಬೇಕೆಂದು ತಿಳಿಸಿದರು. ಸಲ್ಮಾನ್ ಹೇಳಿದ್ದೇ ಸರಿ ಎಂದರು ಪ್ರವಾದಿವರ್ಯರು(ಸ). ಆರಾಧನೆಗೇ ಈ ಮಿತಿ ಇರುವಾಗ ಆಟಕ್ಕೆ ಬೇಡವೇ?

ಈಗ ಒಂದು ಪರೀಕ್ಷೆ. ಈ ಆಟದ ಒಂದು ಸುತ್ತು ಸುಮಾರು ಅರ್ಧ ಗಂಟೆ ನಡೆಯುತ್ತದೆ, ನಡುವೆ ತಡೆದು ನಿಲ್ಲಿಸಲಾಗದು. ಸುತ್ತಿನ ಮಧ್ಯೆ ಮಗ್ರಿಬ್ ಅಝಾನ್ ಕೇಳಿತೆನ್ನಿ. ತಂಡದಲ್ಲಿ ಆಡುವವನಿಗೆ ‘ಗೆಳೆಯರಿಗೆ ಕೈಕೊಟ್ಟಂತಾಗುತ್ತದೆ’ ಎಂಬ ನೆಪವಾದರೂ ಇದೆ. ಒಬ್ಬನೇ ಆಡುವ ನಿಮಗೆ ಆ ನೆಪವಿಲ್ಲ. ನೀವು ಎದ್ದರೆ ಸೋಲುವವರು ನೀವೊಬ್ಬರೇ, ಅದೂ ತೆರೆಯ ಮೇಲಿನ ಕೆಲವು ಅಂಕಗಳನ್ನು ಮಾತ್ರ. ಅಷ್ಟು ಸುಲಭದ ಸೋಲನ್ನೂ ಒಪ್ಪಲಾಗದಿದ್ದರೆ, ಆಟ ನಿಮ್ಮ ಕೈಯಲ್ಲಿದೆಯೇ ಅಥವಾ ನೀವೇ ಆಟದ ಕೈಯಲ್ಲಿದ್ದೀರಾ? ನಮಾಝಿನ ಬಗ್ಗೆ ಅಲಕ್ಷ್ಯ ತೋರುವವರಿಗೆ ‘ಅಲ್ ಮಾಊನ್’ ಅಧ್ಯಾಯ ಕೊಟ್ಟ ಎಚ್ಚರಿಕೆಯನ್ನು ನೆನಪಿಸಿಕೊಳ್ಳಿ.

ಒಂಟಿ ಆಟದ ಅಪಾಯವೂ ಇಲ್ಲಿಯೇ ಇದೆ. ‘ಸಾಕು, ಏಳೋ’ ಎನ್ನುವ ಗೆಳೆಯ ಪಕ್ಕದಲ್ಲಿಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಶಾ ಕಳೆದು, ಫಜ್ರ್ ತಪ್ಪಿದರೂ ನೋಡಿದವರಿಲ್ಲ. ಆದರೆ ಅಲ್ಲಾಹನು ನೋಡುತ್ತಿದ್ದಾನೆ. 2023ರಲ್ಲಿ ಬಿಜಿಎಂಐ ಮರಳಿ ಬಂದಾಗ 18 ತುಂಬದವರಿಗೆ ದಿನಕ್ಕೆ 3 ಗಂಟೆಯ ಮಿತಿ ಇಡಲಾಯಿತು. ಅಪ್ಪನ ವಯಸ್ಸು ತೋರಿಸಿ ಆಡುವ ಹುಡುಗನಿಗೆ ಆ ಮಿತಿ ತಾಗದು. ಅಲ್ಲಾಹನ ಭಯವೇ ಅವನ ಕಾವಲು.

ಆದುದರಿಂದ ಆಟ ಆರಂಭಿಸುವ ಮುನ್ನ ಗಡಿಯಾರ ನೋಡಿ. ಅಝಾನಿಗೆ ಅರ್ಧ ಗಂಟೆ ಇಲ್ಲದಿದ್ದರೆ ಮುಟ್ಟಬೇಡಿ. ಹಣ ಕೊಟ್ಟು, ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆಗಳನ್ನು ತೆರೆಯಬೇಡಿ. ಅದರಲ್ಲಿ ಜೂಜಿನ ಛಾಯೆ ಇದೆ. ತಂದೆ ತಾಯಂದಿರೇ, ಮೊಬೈಲ್ ಕಿತ್ತುಕೊಂಡು ಬಯ್ಯುವ ಮೊದಲು ಮಗನ ಬಳಿ ಕುಳಿತು ಆ ಆಟವೇನೆಂದು ಕೇಳಿ. ಊಟ, ನಿದ್ರೆ, ದುಡಿಮೆ ಕೆಟ್ಟರೂ ಬಿಡಲಾಗದ ಸ್ಥಿತಿ ತಲಪಿದ್ದರೆ ಅದು ಕಾಯಿಲೆಯೂ ಆಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ರೋಗಗಳ ಪಟ್ಟಿಗೆ ಸೇರಿಸಿದೆ. ಧಾರವಾಡದ ಡಿಮ್ಹಾನ್ಸ್‌ನಂತಹ ಆಸ್ಪತ್ರೆಗೆ ಕರೆದೊಯ್ಯಲು ನಾಚಬೇಡಿ.

ಇಂದು ಸಂಜೆ ಅಝಾನ್ ಕೇಳಿದೊಡನೆ, ಗೆಲ್ಲುವ ಹಂತದಲ್ಲಿದ್ದರೂ ಸರಿ, ಮೊಬೈಲ್ ಕೆಳಗಿಟ್ಟು ವುಝೂ ಮಾಡಲು ಏಳಿ. ನಿಮ್ಮ ನಿಜವಾದ ಗೆಲುವು ಅದುವೇ. ಅಲ್ಲಾಹನು ನಮ್ಮ ಸಮಯದಲ್ಲಿ ಬರಕತ್ ನೀಡಲಿ. ಆಮೀನ್.