ರೇಡಿಯನ್ ಅಂದ್ರೆ ಏನು? ಉತ್ತರ ‘ತ್ರಿಜ್ಯ’ದಲ್ಲೇ ಇದೆ

ಒಂದು ಪೂರ್ತಿ ಸುತ್ತು ಅಂದರೆ 360 ಡಿಗ್ರಿ ಅಂತ ಹೈಸ್ಕೂಲಿನಿಂದಲೇ ನಮಗೆಲ್ಲ ಗೊತ್ತು. ಪಿಯುಸಿಯಲ್ಲಿ ರೇಡಿಯನ್ ಬಂತು. ‘180 ಡಿಗ್ರಿ ಅಂದರೆ ಪೈ ರೇಡಿಯನ್’ ಅಂತ ನೋಟ್ಸಿನಲ್ಲಿ ಬರೆದುಕೊಂಡು ಮುಂದೆ ಹೋದೆವು. ಈಗ ಮೆಕ್ಯಾನಿಕ್ಸ್, ಸರ್ಕ್ಯೂಟ್ಸ್, ಸಿಗ್ನಲ್ಸ್ ಎಲ್ಲಿ ನೋಡಿದರೂ ರೇಡಿಯನ್ನೇ. ಡಿಗ್ರಿ ಚೆನ್ನಾಗೇ ಇತ್ತಲ್ಲ, ಇದು ಯಾಕೆ ಬೇಕಿತ್ತು? ನಮ್ಮಲ್ಲಿ ತುಂಬಾ ಜನ ಇಂಗ್ಲಿಷ್ ಮೀಡಿಯಂನವರು, ವೃತ್ತದ ಕನ್ನಡ ಪದಗಳು ನಮಗೆ ಅಷ್ಟಾಗಿ ಪರಿಚಯ ಇಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ಆ ಪದಗಳ ಹತ್ತಿರವೇ ಇದೆ.

ಮೊದಲು ಒಂದು ಬಿಲ್ಲನ್ನು ನೆನಪಿಸಿಕೊಳ್ಳಿ. ವೃತ್ತದ ಅಂಚಿನ ಬಾಗಿದ ತುಂಡು ‘ಕಂಸ’, ಅದು ಬಿಲ್ಲಿನ ಹಾಗೆ. ಕಂಸದ ಎರಡು ತುದಿಗಳನ್ನು ಸೇರಿಸುವ ನೇರ ಗೆರೆ ‘ಜ್ಯಾ’. ಜ್ಯಾ ಅಂದರೆ ಬಿಲ್ಲಿನ ಹೆದೆ ಅಂತಲೇ ಅರ್ಥ. ಕೇಂದ್ರದಿಂದ ಅಂಚಿನವರೆಗಿನ ದೂರ ‘ತ್ರಿಜ್ಯ’. ಕಂಸದ ಎರಡು ತುದಿಗಳಿಂದ ಕೇಂದ್ರಕ್ಕೆ ಗೆರೆ ಎಳೆದರೆ ಅಲ್ಲಿ ಏರ್ಪಡುವುದು ಕೇಂದ್ರ ಕೋನ.

ಈಗ ಈ ಕೋನವನ್ನು ಅಳೆಯೋಣ. 360 ಅನ್ನೋ ಸಂಖ್ಯೆ ವೃತ್ತದ ಒಳಗಿಂದ ಬಂದದ್ದಲ್ಲ, ಅದು ಮನುಷ್ಯರು ಲೆಕ್ಕದ ಅನುಕೂಲಕ್ಕೆ ಆರಿಸಿಕೊಂಡದ್ದು. ವೃತ್ತದ ಹತ್ತಿರ ತನ್ನದೇ ಆದ ಒಂದು ಅಳತೆ ಇದೆ, ಅದೇ ತ್ರಿಜ್ಯ. ತ್ರಿಜ್ಯದಷ್ಟೇ ಉದ್ದದ ಒಂದು ದಾರ ತೆಗೆದುಕೊಂಡು ಅಂಚಿನ ಮೇಲೆ ಬಾಗಿಸಿ ಇಡಿ. ಆ ಕಂಸ ಕೇಂದ್ರದಲ್ಲಿ ಏರ್ಪಡಿಸುವ ಕೋನವೇ 1 ರೇಡಿಯನ್, ಸುಮಾರು 57.3 ಡಿಗ್ರಿ. ಪೂರ್ತಿ ಪರಿಧಿಗೆ ಇಂಥ ದಾರ 6.28ರಷ್ಟು ಬೇಕು, ಅಂದರೆ ಎರಡು ಪೈ. ವೃತ್ತ ಚಿಕ್ಕದಿರಲಿ ದೊಡ್ಡದಿರಲಿ, ಇದು ಬದಲಾಗೋದಿಲ್ಲ.

ಇನ್ನು ‘ತ್ರಿಜ್ಯ’ ಪದಕ್ಕೆ ಬರೋಣ. ‘ತ್ರಿ’ ಅಂದರೆ ಮೂರು. ಯಾವ ಮೂರು? ಖಗೋಳದ ಲೆಕ್ಕದಲ್ಲಿ ವೃತ್ತಕ್ಕೆ 12 ರಾಶಿ, ಒಂದೊಂದು 30 ಡಿಗ್ರಿ. ಮೂರು ರಾಶಿ ಅಂದರೆ 90 ಡಿಗ್ರಿ. ಆ ಗಣಿತಜ್ಞರು ಅರ್ಧ ಹೆದೆಯನ್ನೇ ಜ್ಯಾ ಅಂತ ಕರೆದು ಬಳಸುತ್ತಿದ್ದರು, ಅದೇ ಇವತ್ತಿನ ಸೈನ್. ಸೈನ್ 90 ಅಂದರೆ 1, ಆದ್ದರಿಂದ ಮೂರು ರಾಶಿಯ ಜ್ಯಾ ಅಂದರೆ ಪೂರ್ತಿ ತ್ರಿಜ್ಯ. ಹೆಸರೇ ಒಂದು ಸೂತ್ರ ನೋಡಿ!

ಆರ್ಯಭಟ ಕ್ರಿ.ಶ. 499ರ ಹೊತ್ತಿಗೆ ಬರೆದ ‘ಆರ್ಯಭಟೀಯ’ದಲ್ಲಿ ಈ ಜ್ಯಾಗಳ ಪಟ್ಟಿ ಇದೆ. 90 ಡಿಗ್ರಿಯನ್ನು 24 ಭಾಗ ಮಾಡಿದ್ದಾರೆ, ಒಂದೊಂದು ಭಾಗ 225 ಕಲೆ. ಕಲೆ ಅಂದರೆ ಡಿಗ್ರಿಯ 60ನೇ ಒಂದು ಭಾಗ, ಪೂರ್ತಿ ವೃತ್ತಕ್ಕೆ 21,600 ಕಲೆ. ಪಟ್ಟಿಯ ಕೊನೆಗೆ, 90 ಡಿಗ್ರಿಯಲ್ಲಿ, ಬರುವ ತ್ರಿಜ್ಯ 3438. ಈಗ ಕ್ಯಾಲ್ಕುಲೇಟರ್ ತೆಗೆಯಿರಿ: 21,600ನ್ನು ಎರಡು ಪೈನಿಂದ ಭಾಗಿಸಿದರೆ 3437.75. ಅಂದರೆ ಪರಿಧಿಯನ್ನು ಅಳೆದ ಕಲೆಯಲ್ಲೇ ತ್ರಿಜ್ಯವನ್ನೂ ಅಳೆದಿದ್ದಾರೆ. ಒಂದು ರೇಡಿಯನ್‌ಗೆ ಎಷ್ಟು ಕಲೆ ಅಂತ ಕೇಳಿದರೂ ಉತ್ತರ ಅದೇ 3438! ಆರ್ಯಭಟರೇ ರೇಡಿಯನ್ ಕಂಡುಹಿಡಿದರು ಅಂತ ನಾವು ಹೇಳ್ತಾ ಇಲ್ಲ. ಆದರೆ ಕಂಸಕ್ಕೂ ತ್ರಿಜ್ಯಕ್ಕೂ ಒಂದೇ ಅಳತೆ ಅನ್ನೋ ವಿಚಾರ ಅಲ್ಲಿದೆ.

ಪಟ್ಟಿಯ ಮೊದಲ ಸಂಖ್ಯೆ ಇನ್ನೂ ಚಂದ. 225 ಕಲೆ ಕಂಸದ ಜ್ಯಾ ಕೂಡ 225. ಸಣ್ಣ ಕೋನದಲ್ಲಿ ಬಿಲ್ಲು ಮತ್ತು ಹೆದೆ ಹೆಚ್ಚುಕಡಿಮೆ ಒಂದೇ ಉದ್ದ. ಪೆಂಡುಲಮ್ ಲೆಕ್ಕದಲ್ಲಿ ‘ಸೈನ್ ತೀಟಾ ಅಂದರೆ ತೀಟಾನೇ’ ಅಂತ ನಾವು ಹಾಕಿಕೊಳ್ಳೋದು ಇದನ್ನೇ. ಡಿಗ್ರಿಯಲ್ಲಿ ಇದು ನಡೆಯಲ್ಲ. ಸೈನ್‌ನ ಡಿಫರೆನ್ಶಿಯೇಷನ್ ಕಾಸ್ ಆಗೋದೂ ರೇಡಿಯನ್‌ನಲ್ಲಿ ಮಾತ್ರ. ಡಿಗ್ರಿಯಲ್ಲಿ ಮಾಡಿದರೆ ಪ್ರತಿ ಸಲ ಪೈ ಬೈ 180 ಅಂಟಿಕೊಳ್ಳುತ್ತೆ.

‘ರೇಡಿಯನ್’ ಅನ್ನೋ ಹೆಸರು ಬಹಳ ಈಚಿನದು. ಅದು ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1873ರಲ್ಲಿ, ಬೆಲ್‌ಫಾಸ್ಟ್‌ನ ಕ್ವೀನ್ಸ್ ಕಾಲೇಜಿನ ಪ್ರಶ್ನೆಪತ್ರಿಕೆಯಲ್ಲಿ. ಅದನ್ನು ತೆಗೆದವರು ಇಂಜಿನಿಯರಿಂಗ್ ಪ್ರೊಫೆಸರ್ ಜೇಮ್ಸ್ ಥಾಮ್ಸನ್. ಪರೀಕ್ಷೆಯಿಂದಲೂ ಒಳ್ಳೆಯದು ಹುಟ್ಟುತ್ತೆ!

ಇಷ್ಟೆಲ್ಲ ಆದ ಮೇಲೆ ಸೂತ್ರ ಒಂದೇ ಸಾಲು: ಕಂಸದ ಉದ್ದ = ತ್ರಿಜ್ಯ × ಕೋನ (ರೇಡಿಯನ್‌ನಲ್ಲಿ).

ಹಾಸ್ಟೆಲ್ ಫ್ಯಾನ್ ನಿಮಿಷಕ್ಕೆ 300 ಸುತ್ತು ಹಾಕುತ್ತೆ ಅಂದುಕೊಳ್ಳಿ. ಸೆಕೆಂಡಿಗೆ 5 ಸುತ್ತು, ಅಂದರೆ 31.4 ರೇಡಿಯನ್. ರೆಕ್ಕೆಯ ತುದಿ ಕೇಂದ್ರದಿಂದ 0.6 ಮೀಟರ್ ದೂರ ಇದ್ದರೆ ಅದರ ವೇಗ ಸೆಕೆಂಡಿಗೆ ಸುಮಾರು 18.8 ಮೀಟರ್, ಗಂಟೆಗೆ 68 ಕಿ.ಮೀ.!

ಇನ್ನೊಂದು, ನಮ್ಮ ನಕ್ಷೆಯಿಂದ. ಬೀದರ್ ಹೆಚ್ಚುಕಡಿಮೆ ಬೆಂಗಳೂರಿನ ನೇರ ಉತ್ತರಕ್ಕಿದೆ. ಅಕ್ಷಾಂಶ ಬೆಂಗಳೂರಿಗೆ ಸುಮಾರು 13, ಬೀದರಿಗೆ 17.9 ಡಿಗ್ರಿ. ವ್ಯತ್ಯಾಸ 4.9 ಡಿಗ್ರಿ, ಅಂದರೆ 0.0855 ರೇಡಿಯನ್. ಭೂಮಿಯ ತ್ರಿಜ್ಯ 6371 ಕಿ.ಮೀ.ಯಿಂದ ಗುಣಿಸಿದರೆ ಸುಮಾರು 545 ಕಿ.ಮೀ. ನಡುವಿನ ಆಕಾಶದ ದಾರಿ ಅಷ್ಟು. ರಸ್ತೆ ಸುತ್ತಿ ಬಳಸಿ ಹೋಗುವುದರಿಂದ ಬಸ್ಸಿಗೆ ಇನ್ನೂ ಜಾಸ್ತಿ.

ಒಂದು ಎಚ್ಚರಿಕೆ: ಪೈಥಾನ್, ಸಿ ಎರಡೂ ಕೋನವನ್ನು ರೇಡಿಯನ್ ಅಂತಲೇ ಓದುತ್ತವೆ. ಸೈನ್ 30 ಕೇಳಿದರೆ 0.5 ಬರಲ್ಲ, −0.988 ಬರುತ್ತೆ. ಲ್ಯಾಬಿನಲ್ಲಿ ಇದನ್ನು ನೋಡಿದರೆ ಗಾಬರಿ ಆಗಬೇಡಿ, 30ನ್ನು ಪೈ ಬೈ 180ರಿಂದ ಗುಣಿಸಿ.

ಕೊನೆಗೆ ನಿಮಗೊಂದು ಲೆಕ್ಕ. ಗೋಡೆ ಗಡಿಯಾರದ ನಿಮಿಷದ ಮುಳ್ಳು 10 ಸೆಂ.ಮೀ. ಉದ್ದ ಇದೆ. 20 ನಿಮಿಷದಲ್ಲಿ ಅದರ ತುದಿ ಎಷ್ಟು ದೂರ ಹೋಗುತ್ತೆ? ಸೂತ್ರದ ಪುಸ್ತಕ ತೆರೆಯದೆ, ಮೇಲಿನ ದಾರವನ್ನು ನೆನೆಸಿಕೊಂಡು ಮಾಡಿ. 21 ಸೆಂ.ಮೀ. ಹತ್ತಿರ ಬಂದರೆ ರೇಡಿಯನ್ ನಿಮ್ಮದಾಯಿತು.