ತಂತ್ರಾಂಶದ ಲೈಸೆನ್ಸ್ ಅಂದರೇನು?



ನಮ್ಮ ಒಂದು ಒಕ್ಕೂಟದವರು ಲೆಕ್ಕ ಬರೆಯಲು ಹಳೆಯ ಕಂಪ್ಯೂಟರ್ ಕೊಂಡರು. "ಅಕ್ಕಾ, ಬೇಕಾದ್ದೆಲ್ಲ ಹಾಕಿ ಕೊಟ್ಟಿದ್ದೇವೆ" ಅಂದರು ಅಂಗಡಿಯವರು. ನಮ್ಮವರಿಗೂ ಖುಷಿ, ನನಗೂ ಖುಷಿ. ಎಂಟು ತಿಂಗಳಾದ ಮೇಲೆ ಒಂದು ದಿನ ಲೆಕ್ಕದ ತಂತ್ರಾಂಶ ತೆರೆಯಲೇ ಇಲ್ಲ. ಲೈಸೆನ್ಸ್ ಇಲ್ಲವೆಂದು ಪರದೆಯ ಮೇಲೆ ಬಂತು. ಹದಿನಾಲ್ಕು ಸಂಘಗಳ ಉಳಿತಾಯ, ಸಾಲದ ಕಂತು ಎಲ್ಲ ಒಳಗೇ! ಪುಣ್ಯಕ್ಕೆ ಕೈಯಲ್ಲಿ ಕ್ಯಾಷ್ ಬುಕ್ ಬರೆಯುವುದನ್ನು ಬಿಟ್ಟಿರಲಿಲ್ಲ. "ಸಿಸ್ಟರ್, ದುಡ್ಡು ಕೊಟ್ಟೇ ತಗೊಂಡದ್ದಲ್ವಾ?" ಎಂದು ಅಧ್ಯಕ್ಷೆ ಕೇಳಿದರು. ಅದಕ್ಕೆ ಉತ್ತರವಾಗಿ ಈ ಪಾಠ.

ಸೀರೆ ಕೊಂಡರೆ ಸೀರೆ ನಮ್ಮದು. ಉಡಬಹುದು, ಹರಿದು ಕೌದಿ ಹೊಲಿಯಬಹುದು, ನಾದಿನಿಗೆ ಕೊಡಬಹುದು. ತಂತ್ರಾಂಶ ಹಾಗಲ್ಲ. ಅದು ಮಾಡಿದವರ ಸ್ವತ್ತಾಗಿಯೇ ಉಳಿಯುತ್ತದೆ. ನಮಗೆ ಸಿಗುವುದು ಬಳಸುವ ಅನುಮತಿ ಮಾತ್ರ. ಆ ಅನುಮತಿಯೇ ಲೈಸೆನ್ಸ್. ಮದುವೆಗೆ ಬಾಡಿಗೆಗೆ ತಂದ ಪಾತ್ರೆಯ ಹಾಗೆ ಅನ್ನಿ.

ವಿಂಡೋಸ್, ಮೈಕ್ರೋಸಾಫ್ಟ್ ಆಫೀಸ್, ಟ್ಯಾಲಿ ಇವಕ್ಕೆ ಹಣ ಕೊಟ್ಟು ಅನುಮತಿ ಪಡೆಯಬೇಕು. ಎಷ್ಟು ಕಂಪ್ಯೂಟರಿಗೆ, ಎಷ್ಟು ಕಾಲಕ್ಕೆ ಎಂಬುದು ಲೈಸೆನ್ಸಿನಲ್ಲೇ ಇರುತ್ತದೆ. ಇನ್ನು ಕೆಲವು ಧರ್ಮಕ್ಕೆ ಸಿಗುತ್ತವೆ, ಆದರೆ ಒಳಗಿನ ಗುಟ್ಟು ಕೊಡುವುದಿಲ್ಲ. ನಾಳೆ ಬೆಲೆ ಇಟ್ಟರೂ ಇಡಬಹುದು. ಕನ್ನಡದ 'ಬರಹ' ಹಲವು ವರ್ಷ ಉಚಿತವಾಗಿತ್ತು, ಆಮೇಲೆ ಹೊಸ ಆವೃತ್ತಿಗೆ ಬೆಲೆ ಬಂತು. ತಪ್ಪೇನಿಲ್ಲ, ಮಾಡಿದವರ ಹಕ್ಕು ಅದು.

ನನಗೆ ಇಷ್ಟವಾದದ್ದು ಮೂರನೆಯ ಬಗೆ, ಸ್ವತಂತ್ರ ತಂತ್ರಾಂಶ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಈ ಕೆಲಸ ಶುರುಮಾಡಿದರು. 1989ರಲ್ಲಿ ಜಿಪಿಎಲ್ ಎಂಬ ಲೈಸೆನ್ಸ್ ಬಂತು. ಸಾಂಬಾರ್ ಪುಡಿಯ ಜೊತೆ ಅಳತೆಯ ಚೀಟಿಯನ್ನೂ ಕೊಟ್ಟ ಹಾಗೆ ಇದು. ಬಳಸಿ, ಬದಲಿಸಿ, ಪಕ್ಕದ ಸಂಘಕ್ಕೆ ಕೊಡಿ, ಮಾರಿದರೂ ಸರಿ. ಆದರೆ ಬದಲಿಸಿ ಬೇರೆಯವರಿಗೆ ಕೊಟ್ಟರೆ ನಿಮ್ಮ ಚೀಟಿಯನ್ನೂ ಅದೇ ಷರತ್ತಿನ ಮೇಲೆ ಕೊಡಬೇಕು. ನಾನೊಬ್ಬಳೇ ಬಚ್ಚಿಟ್ಟುಕೊಳ್ಳುತ್ತೇನೆ ಅನ್ನುವಂತಿಲ್ಲ. ಲಿನಕ್ಸ್ ಇರುವುದು ಜಿಪಿಎಲ್ ಅಡಿಯಲ್ಲಿ. 2010ರಲ್ಲಿ ಶುರುವಾದ ಲಿಬ್ರೆ ಆಫೀಸಿನ ಲೈಸೆನ್ಸ್ ಬೇರೆ, ಆದರೂ ಬಳಸಲು, ಹಂಚಲು ಅಡ್ಡಿಯಿಲ್ಲ. ಲೆಕ್ಕಕ್ಕೆ ಅದರಲ್ಲಿ ಕ್ಯಾಲ್ಕ್ ಇದೆ.

ಕದ್ದ ಪ್ರತಿಯ ವಿಷಯಕ್ಕೆ ಬರೋಣ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ ಗೊತ್ತಿದ್ದೂ ಅದನ್ನು ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರದ ಲಾಭಕ್ಕಲ್ಲ ಎಂದಾದರೆ ನ್ಯಾಯಾಲಯ ಜೈಲು ಬಿಟ್ಟು 50 ಸಾವಿರದೊಳಗೆ ದಂಡ ಹಾಕಬಹುದು. ಆ 50 ಸಾವಿರ ಎಷ್ಟು ಜನರ ವಾರದ ಉಳಿತಾಯ, ನೀವೇ ಲೆಕ್ಕ ಹಾಕಿ. ನಮ್ಮವರಿಗೆ ಗೊತ್ತಿರಲಿಲ್ಲ, ನಿಜ. ಆದರೆ ಗೊತ್ತಾದ ಮೇಲೂ ಅದನ್ನೇ ಬಳಸುವಂತಿರಲಿಲ್ಲ.

ಹಾಗಾಗಿ ಅಂಗಡಿಗೆ ಹೋದಾಗ ಯಾವ ಯಾವ ತಂತ್ರಾಂಶ ಹಾಕಿದ್ದಾರೆ, ಪ್ರತಿಯೊಂದಕ್ಕೂ ಯಾವ ಲೈಸೆನ್ಸ್ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಆ ಬಿಲ್ಲು ನಿರ್ಣಯ ಪುಸ್ತಕದ ಜೊತೆಗಿರಲಿ. ನಮ್ಮ ಒಕ್ಕೂಟದವರು ಈಗ ಕ್ಯಾಲ್ಕ್‌ನಲ್ಲಿ ಬರೆಯುತ್ತಿದ್ದಾರೆ. ಕ್ಯಾಷ್ ಬುಕ್ ನೋಡಿಕೊಂಡು ಎಂಟು ತಿಂಗಳ ಲೆಕ್ಕವನ್ನು ಮತ್ತೆ ಏರಿಸಲು ಮೂರು ಭಾನುವಾರ ಹಿಡಿಯಿತು.